ಅಂತಿಮ ತೀರ್ಪು ಮತ್ತು ಪಾರ್ಕಿಂಗ್ ಸಮಸ್ಯೆ

ಮದ್ರಾಸ್ ಹೈಕೋರ್ಟಿನ ಕೆಂಪು ಗುಮ್ಮಟಗಳ ಮಗ್ಗುಲಲ್ಲಿ, ಹಳೆಯ ಕಾನೂನು ಕಾಲೇಜಿನ ಆವರಣದಲ್ಲಿ, ಒಂದು ಗೋರಿಯಿದೆ. ಅದರಲ್ಲಿ ಇಬ್ಬರು ಮಲಗಿದ್ದಾರೆ. ಒಬ್ಬ ಜೋಸೆಫ್ ಹಿನ್ಮರ್ಸ್, ಈಸ್ಟ್ ಇಂಡಿಯಾ ಕಂಪನಿಯ ದೊಡ್ಡ ನೌಕರ, 1680ರಲ್ಲಿ ತೀರಿಕೊಂಡವನು. ಇನ್ನೊಬ್ಬ ಡೇವಿಡ್ ಯೇಲ್, ಹಾಲುಹಲ್ಲು ಬೀಳುವ ಮುಂಚೆಯೇ ಹೋದ ಹುಡುಗ. ಇಬ್ಬರಿಗೂ ರಕ್ತಸಂಬಂಧವಿಲ್ಲ. ಒಬ್ಬ ಕ್ಯಾಥರೀನ್ ಎಂಬಾಕೆಯ ಮೊದಲ ಗಂಡ, ಇನ್ನೊಬ್ಬ ಆಕೆಗೆ ಎರಡನೆಯ ಗಂಡನಿಂದ ಹುಟ್ಟಿದ ಮಗ. ಮೊದಲನೆಯವನು ಸತ್ತ ವರ್ಷವೇ ಆಕೆಯ ಎರಡನೆಯ ಮದುವೆ ಮದ್ರಾಸ್ ಕೋಟೆಯೊಳಗಿನ ಸೇಂಟ್ ಮೇರಿ ಚರ್ಚಿನಲ್ಲಿ ನಡೆಯಿತು. ಚರ್ಚು ಪ್ರತಿಷ್ಠೆಯಾಗಿ ಆಗಿನ್ನೂ ಒಂದು ವಾರ. ಗೋಡೆಯ ಸುಣ್ಣ ಆರುವ ಮೊದಲೇ ನಡೆದ ಆ ಮದುವೆಯ ವರ ಎಲಿಹು ಯೇಲ್. 1687ರಿಂದ 1692ರವರೆಗೆ ಮದ್ರಾಸಿನ ಗವರ್ನರ್ ಆಗಿದ್ದವನು, ಅಮೆರಿಕದ ಯೇಲ್ ವಿಶ್ವವಿದ್ಯಾಲಯಕ್ಕೆ ಹೆಸರು ಕೊಟ್ಟವನು.

ಕ್ರೈಸ್ತರ ನಂಬಿಕೆಯಂತೆ ಸತ್ತವರು ಕಹಳೆ ಊದುವವರೆಗೂ ಮಲಗಿರಬೇಕು. ಕಹಳೆಯಾದ ಮೇಲೆ ಎದ್ದು ಮೈಕೊಡವಿ, ಸಿಂಹಾಸನದ ಮುಂದೆ ಸಾಲಾಗಿ ನಿಂತು ತೀರ್ಪು ಕೇಳಬೇಕು. ಈ ಇಬ್ಬರು ಮಲಗಿದ ಜಾಗವಂತೂ ಕೋರ್ಟಿಗೆ ಅಂಟಿಕೊಂಡೇ ಇದೆ, ತೀರ್ಪಿಗಾಗಿ ಮುನ್ನೂರು ಚಿಲ್ಲರೆ ವರ್ಷ ಕಾಯುವುದು ನಮ್ಮ ದೇಶದ ಕಕ್ಷಿದಾರರಿಗೆ ಹೊಸ ಅನುಭವವೂ ಅಲ್ಲ. ಆದರೆ ಕಹಳೆಗಿಂತ ಮೊದಲೇ ತೀರ್ಪು ಬಂದುಬಿಟ್ಟಿತು. 2023ರಲ್ಲಿ ಹೈಕೋರ್ಟಿನ ಏಕಸದಸ್ಯ ಪೀಠ ಈ ಗೋರಿಯನ್ನು ನಾಲ್ಕು ವಾರದೊಳಗೆ ಬೇರೆಡೆಗೆ ಸಾಗಿಸಬೇಕೆಂದು ಪುರಾತತ್ವ ಇಲಾಖೆಗೆ ಆದೇಶಿಸಿತು. ಅಲ್ಲಿ ಬಹುಮಹಡಿ ವಾಹನ ನಿಲುಗಡೆ ಕಟ್ಟಬೇಕಿತ್ತು. ದೇವದೂತರು ರೆಕ್ಕೆಯಲ್ಲಿ ಬರುತ್ತಾರೆ, ವಕೀಲರು ಕಾರಿನಲ್ಲಿ ಬರುತ್ತಾರೆ. ಜಾಗದ ಅಗತ್ಯ ಯಾರಿಗೆ ಹೆಚ್ಚು ಎಂದು ನೀವೇ ಹೇಳಿ.

ಹಾಗೆ ನೋಡಿದರೆ ಈ ಊರಿನಲ್ಲಿ ಗೋರಿಗಳಿಗೆ ಎಂದೂ ನೆಮ್ಮದಿ ಇರಲಿಲ್ಲ. ಈ ಆವರಣ ಮೊದಲು ಇಂಗ್ಲಿಷರ ಸ್ಮಶಾನವಾಗಿತ್ತು. 1758-59ರಲ್ಲಿ ಫ್ರೆಂಚರು ಕೋಟೆಗೆ ಮುತ್ತಿಗೆ ಹಾಕಿದಾಗ ಗೋರಿಗಳ ಮರೆಯಲ್ಲೇ ಅಡಗಿ ಗುಂಡು ಹಾರಿಸಿದರು. ಫ್ರೆಂಚರು ಹೋದ ಮೇಲೆ ಇಂಗ್ಲಿಷರು ಗೋರಿಗಳನ್ನು ನೆಲಸಮ ಮಾಡಿ ಕಲ್ಲುಗಳನ್ನು ಸೇಂಟ್ ಮೇರಿ ಚರ್ಚಿನ ಅಂಗಳಕ್ಕೆ ಹೊತ್ತರು. ಮುಂದೆ ನಮ್ಮ ಹೈದರಾಲಿಯ ದಂಡು ಬರುತ್ತದೆಂಬ ಸುದ್ದಿಗೆ ಅದೇ ಕಲ್ಲುಗಳನ್ನು ಕಿತ್ತು ಫಿರಂಗಿಗಳಿಗೆ ಆಸರೆ ಮಾಡಿಕೊಂಡರು. ‘ಇಲ್ಲಿ ದೇವರ ಕರುಣೆಯ ನಿರೀಕ್ಷೆಯಲ್ಲಿ ಮಲಗಿದ್ದಾನೆ’ ಎಂಬರ್ಥದ ಬರಹದ ಮೇಲೆ ಫಿರಂಗಿ, ಅದರ ಬಾಯಿ ಶ್ರೀರಂಗಪಟ್ಟಣದ ಕಡೆಗೆ. ದೈವಿಕ ನ್ಯಾಯ ಮತ್ತು ದೈವಿಕ ಕರುಣೆಯನ್ನು ಇಷ್ಟು ಅಚ್ಚುಕಟ್ಟಾಗಿ ಒಂದರ ಮೇಲೊಂದು ಕೂರಿಸಿದ್ದನ್ನು ಯಾವ ದೇವಶಾಸ್ತ್ರದ ಪುಸ್ತಕದಲ್ಲೂ ನಾನು ಕಂಡಿಲ್ಲ. ಅಷ್ಟೆಲ್ಲ ಆದರೂ ಜಾಗ ಬಿಡದೆ ಉಳಿದುಕೊಂಡ ಒಂದೆರಡು ಗೋರಿಗಳಲ್ಲಿ ಯೇಲ್ ಹುಡುಗನದೂ ಒಂದು. ಗವರ್ನರ್ ಮಗನಲ್ಲವೇ.

ಇನ್ನು ಅಪ್ಪನ ಗೋರಿ. ಅದು ವೇಲ್ಸ್‌ನ ರೆಕ್ಸ್‌ಹ್ಯಾಮ್ ಎಂಬ ಊರಿನ ಚರ್ಚಿನ ಅಂಗಳದಲ್ಲಿದೆ. ಅದರ ಮೇಲಿನ ಪದ್ಯ ಅವನ ಜೀವನದ ಜಮಾಖರ್ಚನ್ನು ಎರಡೇ ಮಾತಿನಲ್ಲಿ ಮುಗಿಸುತ್ತದೆ: ಒಳ್ಳೆಯದು ಬೇಕಾದಷ್ಟು ಮಾಡಿದ, ಕೆಟ್ಟದ್ದೂ ಒಂದಿಷ್ಟು ಮಾಡಿದ, ಎರಡೂ ಸರಿದೂಗಿದೆ ಎಂದುಕೊಳ್ಳೋಣ, ಆತ್ಮ ಕರುಣೆಯಿಂದ ಸ್ವರ್ಗ ಸೇರಿದೆ. ಎಂಥ ಜಾಣ ಲೆಕ್ಕ ನೋಡಿ. ಮೊದಲು ಲೆಕ್ಕ ಸರಿದೂಗಿಸುವುದು, ತಪ್ಪೇನಾದರೂ ಸಿಕ್ಕಿದರೆ ಇರಲಿ ಎಂದು ಕೊನೆಗೆ ಕರುಣೆಯ ಮುಚ್ಚಳಿಕೆ ಬರೆಸಿಟ್ಟುಕೊಳ್ಳುವುದು. ‘ಒಂದಿಷ್ಟು ಕೆಟ್ಟದ್ದು’ ಎಂಬ ಬಾಬಿನಲ್ಲಿ ಏನೇನಿತ್ತು ಎಂದು ಪದ್ಯ ಹೇಳುವುದಿಲ್ಲ, ಕಂಪನಿಯ ಕಡತ ಹೇಳುತ್ತದೆ. ಅವನು ಮುಖ್ಯಸ್ಥನಾಗಿದ್ದ ಕೌನ್ಸಿಲ್ಲು ಮದ್ರಾಸಿನಿಂದ ಹೊರಡುವ ಹಡಗಿಗೆ ಇಷ್ಟಿಷ್ಟು ಗುಲಾಮರು ಎಂದು ಹುಕುಂ ಹೊರಡಿಸಿತ್ತು. ಕಂಪನಿ ಅವನನ್ನು ಹುದ್ದೆಯಿಂದ ಇಳಿಸಿದ್ದು ಗುಲಾಮರ ಕಾರಣಕ್ಕಲ್ಲ, ಸ್ವಂತ ವ್ಯಾಪಾರದಲ್ಲಿ ಕೈ ಉದ್ದ ಮಾಡಿದ ಆರೋಪಕ್ಕೆ. ‘ಒಳ್ಳೆಯದು ಬೇಕಾದಷ್ಟು’ ಎಂಬ ಬಾಬಿನಲ್ಲಿ ಮಾತ್ರ ರಸೀದಿ ಪಕ್ಕಾ ಇದೆ: 1718ರಲ್ಲಿ ಅಮೆರಿಕದ ಆ ಶಾಲೆಗೆ ಒಂಬತ್ತು ಮೂಟೆ ಸರಕು, 417 ಪುಸ್ತಕ, ರಾಜನದೊಂದು ಚಿತ್ರಪಟ. ಹಡಗಿನಲ್ಲಿ ಹೋದ ಗುಲಾಮರ ಹೆಸರಿನಲ್ಲಿ ಕಟ್ಟಡವಿಲ್ಲ. ಅವರ ಲೆಕ್ಕ ಸರಿದೂಗಿದೆಯೇ ಎಂದು ಪದ್ಯ ಬರೆದವನು ಕೇಳಲಿಲ್ಲ.

ದೇವರ ನ್ಯಾಯ, ದೇವರ ಕರುಣೆ ಎರಡೂ ಹೇಗೆ ಒಟ್ಟಿಗೆ ಇರಬಲ್ಲವು ಎಂಬ ಪ್ರಶ್ನೆಗೆ ಕ್ರೈಸ್ತ ಪಂಡಿತರು ಎರಡು ಸಾವಿರ ವರ್ಷ ತಲೆ ಕೆಡಿಸಿಕೊಂಡಿದ್ದಾರೆ. ಎರಡನೆಯ ಶತಮಾನದಲ್ಲಿ ಮಾರ್ಸಿಯನ್ ಎಂಬ ಹಡಗು ವ್ಯಾಪಾರಿ ಸುಲಭದ ದಾರಿ ಹಿಡಿದ. ಹಳೆ ಒಡಂಬಡಿಕೆಯ ಸಿಟ್ಟಿನ ದೇವರು ಬೇರೆ, ಯೇಸು ತೋರಿಸಿದ ಕರುಣೆಯ ದೇವರು ಬೇರೆ, ಇಬ್ಬರಿಗೂ ಸಂಬಂಧವಿಲ್ಲ ಎಂದ. ರೋಮಿನ ಸಭೆ ಅವನನ್ನು ಹೊರಹಾಕಿತು. ಹಾಕುವಾಗ ಅವನು ಕೊಟ್ಟಿದ್ದ ಎರಡು ಲಕ್ಷ ಸೆಸ್ಟರ್ಸ್ ಕಾಣಿಕೆಯನ್ನೂ ವಾಪಸ್ ಕೊಟ್ಟಿತು. ಧಾರ್ಮಿಕ ಸಂಸ್ಥೆಯೊಂದು ದೇಣಿಗೆ ಹಿಂದಿರುಗಿಸಿದ ಈ ಘಟನೆಯನ್ನು ಪವಾಡಗಳ ಪಟ್ಟಿಯಲ್ಲಿ ಯಾಕೆ ಸೇರಿಸಿಲ್ಲವೋ ತಿಳಿಯದು. ಹನ್ನೊಂದನೆಯ ಶತಮಾನದ ಕೊನೆಗೆ ಕ್ಯಾಂಟರ್ಬರಿಯ ಆನ್ಸೆಲ್ಮ್ ಇನ್ನೊಂದು ರೀತಿ ಬಗೆಹರಿಸಿದ. ಸಾಲ ಮಾಡಿದವನು ಮನುಷ್ಯ, ತೀರಿಸುವ ತಾಕತ್ತಿರುವುದು ದೇವರಿಗೆ ಮಾತ್ರ, ಹಾಗಾಗಿ ದೇವರೇ ಮನುಷ್ಯನಾಗಿ ಬಂದು ತೀರಿಸಿದ.

ಇದು ಕರ್ನಾಟಕದವರಿಗೆ ಚೆನ್ನಾಗಿ ಅರ್ಥವಾಗುವ ವಿಷಯ. ಸಹಕಾರಿ ಸಂಘದ ಸಾಲಮನ್ನಾ. ಮನ್ನಾ ಆದವನು ಸರ್ಕಾರಕ್ಕೆ ಜೈ ಎನ್ನುತ್ತಾನೆ. ಹೆಂಡತಿಯ ಸರ ಅಡವಿಟ್ಟು ಕಂತು ಕಟ್ಟಿದವನು ಮಾತ್ರ ಊಟ ಬಿಟ್ಟು ಜಗಲಿಯಲ್ಲಿ ಕೂರುತ್ತಾನೆ. ಯೇಸು ಹೇಳಿದ ಪೋಲಿ ಮಗನ ಕಥೆಯಲ್ಲೂ ಹಾಗೆಯೇ. ಆಸ್ತಿ ಹಾಳುಮಾಡಿ ಬಂದ ಕಿರಿಯನಿಗೆ ಕೊಬ್ಬಿದ ಕರುವಿನ ಊಟ, ಹೊಲದಲ್ಲಿ ದುಡಿದ ಹಿರಿಯನು ಬಾಗಿಲ ಹೊರಗೆ ಮುಖ ಊದಿಸಿಕೊಂಡು ನಿಂತಿದ್ದಾನೆ. ಅವನು ಕೊನೆಗೂ ಒಳಗೆ ಹೋದನೋ ಇಲ್ಲವೋ ಸುವಾರ್ತೆ ಹೇಳುವುದಿಲ್ಲ. ನನಗನ್ನಿಸುವುದು, ಹೋಗಲಿಲ್ಲ, ಹೊರಗೇ ಒಂದು ಸಮಿತಿ ಮಾಡಿಕೊಂಡ. ಇವತ್ತಿಗೂ ಧರ್ಮಗಳ ಆಡಳಿತ ಮಂಡಳಿಗಳಲ್ಲಿ ಕುಳಿತಿರುವವರು ಬಹುಪಾಲು ಆ ಹಿರಿಯಣ್ಣನ ಸಂತತಿಯೇ.

ಚೆನ್ನೈಗೆ ಬರೋಣ. ಊರಿನ ದಕ್ಷಿಣಕ್ಕೆ ಪರಂಗಿಮಲೈ, ಸಂತ ತೋಮಾಸನ ಬೆಟ್ಟ. ಮೀನಂಬಾಕ್ಕಮಿಗೆ ಇಳಿಯುವ ವಿಮಾನಗಳು ಅದರ ಹತ್ತಿರವೇ ಹಾದುಹೋಗುತ್ತವೆ. ಯೇಸುವಿನ ಹನ್ನೆರಡು ಶಿಷ್ಯರಲ್ಲಿ ಒಬ್ಬನಾದ ತೋಮಾಸ ಇಲ್ಲೇ ಈಟಿಯಿಂದ ಇರಿಸಿಕೊಂಡು ಸತ್ತ ಎಂಬುದು ಇಲ್ಲಿನವರ ನಂಬಿಕೆ. ಮೇಲಿನ ಪುಟ್ಟ ಚರ್ಚಿನ ಪೀಠದ ಹಿಂದೆ ಒಂದು ಕಪ್ಪು ಕಲ್ಲಿನ ಶಿಲುಬೆ, ಮೇಲಿನಿಂದ ಇಳಿಯುವ ಪಾರಿವಾಳ, ಎರಡು ಬದಿಗೆ ಕಂಬ, ಸುತ್ತಲೂ ಕಮಾನಿನಂತೆ ಕೊರೆದ, ಪರ್ಷಿಯಾದ ಹಳೆಯ ಪಹ್ಲವಿ ಅಕ್ಷರಗಳು. 1547ರಲ್ಲಿ ಪೋರ್ಚುಗೀಸರು ಅಗೆಯುವಾಗ ಸಿಕ್ಕಿದ್ದು. 1558ರ ಡಿಸೆಂಬರ್ 18ರಂದು ಪೂಜೆಯ ಮಧ್ಯೆ ಅದು ರಕ್ತದಂತೆ ಬೆವರಿತಂತೆ, ಹೀಗೆ 1704ರವರೆಗೆ ಆಗಾಗ ಬೆವರುತ್ತಿತ್ತಂತೆ. ಆಮೇಲೆ ನಿಂತಿತು. ಚೆನ್ನೈಯ ಸೆಖೆಗೆ ಕಲ್ಲು ಕೂಡ ಒಂದೂವರೆ ಶತಮಾನದಲ್ಲಿ ಒಗ್ಗಿಕೊಳ್ಳುತ್ತದೆ ಎಂದು ಇಟ್ಟುಕೊಳ್ಳಿ.

ಆ ಅಕ್ಷರಗಳು ಏನು ಹೇಳುತ್ತವೆ? ಪೋರ್ಚುಗೀಸರಿಗೆ ಓದಲು ಬರಲಿಲ್ಲ. 1561ರಲ್ಲಿ ನರಸಿಂಗ ರಾಜ್ಯದ, ಅಂದರೆ ವಿಜಯನಗರ ಸೀಮೆಯ, ಒಬ್ಬ ಬ್ರಾಹ್ಮಣ ವಿದ್ವಾಂಸರನ್ನು ಹಿಡಿದು ತಂದರು. ಅವರಿಗೂ ಪಹ್ಲವಿ ಗೊತ್ತಿರಲಿಲ್ಲ, ಆದರೆ ಗೊತ್ತಿಲ್ಲ ಎನ್ನುವ ಅಭ್ಯಾಸವೂ ಇರಲಿಲ್ಲ. ಇಲ್ಲಿ ಒಂದೊಂದು ಅಕ್ಷರಕ್ಕೂ ಹತ್ತಾರು ಮಾತುಗಳ ಅರ್ಥವಿದೆ ಎಂದು ಪೀಠಿಕೆ ಹಾಕಿ, ತೋಮಾಸ ಬಂದದ್ದು, ಬೋಧಿಸಿದ್ದು, ಹುತಾತ್ಮನಾದದ್ದು ಎಲ್ಲವನ್ನೂ ಆ ಒಂದು ಸಾಲಿನಲ್ಲಿ ಓದಿ ತೋರಿಸಿದರು. ಸಂಭಾವನೆ ಕೊಡುವವನಿಗೆ ಏನು ಬೇಕೋ ಅದು ಕಲ್ಲಿನಲ್ಲಿ ಕಾಣಿಸಿತು. ನಮ್ಮವರ ಶಾಸನಶಾಸ್ತ್ರದ ಪ್ರತಿಭೆಗೆ ಇದಕ್ಕಿಂತ ಸಾಕ್ಷಿ ಬೇಡ.

1873ರಲ್ಲಿ ಎ. ಸಿ. ಬರ್ನೆಲ್ ಅದನ್ನು ಮತ್ತೆ ಓದಿದ. ಕರಾವಳಿಯವರಿಗೆ ಈ ಹೆಸರು ಹೊಸದಲ್ಲ; ತುಳುನಾಡಿನ ಭೂತಗಳ ಪಾಡ್ದನಗಳನ್ನು ಕೂಡಿಹಾಕಿದವನು. ಮದ್ರಾಸ್ ಸಿವಿಲ್ ಸರ್ವಿಸಿನವನು, ಕಸುಬಿನಲ್ಲಿ ನ್ಯಾಯಾಧೀಶ. ಆ ಓದನ್ನು ಅಚ್ಚು ಹಾಕಿಸಿದ್ದು ಮಂಗಳೂರಿನ ಬಾಸೆಲ್ ಮಿಷನ್ ಮುದ್ರಣಾಲಯದಲ್ಲಿ. ಬರ್ನೆಲ್ಲನ ಪ್ರಕಾರ ಆ ಬರಹ ಶಿಲುಬೆಯ ಶಿಕ್ಷೆಯ ಕುರಿತದ್ದು, ಆ ಶಿಕ್ಷೆಯಲ್ಲಿ ಪಟ್ಟ ಯಾತನೆಯ ಕುರಿತದ್ದು. ಜಡ್ಜ್ ಸಾಹೇಬರ ಕಣ್ಣಿಗೆ ಶಿಕ್ಷೆ ಕಂಡಿದ್ದರಲ್ಲಿ ಆಶ್ಚರ್ಯವೇನಿಲ್ಲ. 1920ರ ದಶಕದ ಕೊನೆಯಲ್ಲಿ ವಿಂಕ್‌ವರ್ತ್ ಎಂಬ ಇನ್ನೊಬ್ಬ ಪಂಡಿತ ಅದೇ ಅಕ್ಷರಗಳನ್ನು ಓದಿ, ಶಿಕ್ಷೆಯೂ ಇಲ್ಲ ಯಾತನೆಯೂ ಇಲ್ಲ, ಇದನ್ನು ಕೆತ್ತಿಸಿದ ಅಫ್ರಾಸ್ ಎಂಬವನು ತನ್ನ ಮೇಲೆ ಕರುಣೆ ಇರಲಿ ಎಂದು ಕ್ರಿಸ್ತನನ್ನು ಬೇಡಿಕೊಂಡಿದ್ದಾನೆ, ಅಷ್ಟೇ ಎಂದ. ಆಮೇಲಿನವರು ಅಕ್ಷರ ಅಕ್ಷರಕ್ಕೂ ಜಗಳವಾಡಿದ್ದಾರೆ. ಆದರೂ ನನಗೆ ಅಫ್ರಾಸ್ ಇಷ್ಟವಾಗುತ್ತಾನೆ. ಲೋಕದ ಪಾಪಪುಣ್ಯದ ಗೊಡವೆಗೆ ಹೋಗದೆ, ನನ್ನ ಮೇಲೊಂದಿಷ್ಟು ದಯೆ ಇರಲಿ ಎಂದು ತನ್ನ ಅರ್ಜಿ ತಾನು ಹಾಕಿಕೊಂಡ. ಪಕ್ಕದ ಮನೆಯವನಿಗೆ ಏನಾಗಬೇಕು ಎಂದು ಒಂದಕ್ಷರ ಕೆತ್ತಿಸಲಿಲ್ಲ. ಧಾರ್ಮಿಕ ಬರವಣಿಗೆಯಲ್ಲಿ ಇದು ಅಪರೂಪ.

ಅಪರೂಪ ಎಷ್ಟೆಂದರೆ, ಸ್ವತಃ ತೋಮಾಸನ ಹೆಸರಿನ ಹಳೆಯ ಕಥೆಯಲ್ಲೇ ಅದು ಕಾಣುವುದಿಲ್ಲ. ಮೂರನೆಯ ಶತಮಾನದ ಸುಮಾರಿಗೆ ಸಿರಿಯಾಕ್ ಭಾಷೆಯಲ್ಲಿ ಬರೆದ ‘ತೋಮಾಸನ ಕೃತ್ಯಗಳು’ ಎಂಬ ಗ್ರಂಥವಿದೆ. ಚರ್ಚು ಅದನ್ನು ಬೈಬಲ್ಲಿಗೆ ಸೇರಿಸಲಿಲ್ಲ, ಆದರೆ ತೋಮಾಸ ಭಾರತಕ್ಕೆ ಬಂದ ಎನ್ನಲು ಅದನ್ನು ಉಪಯೋಗಿಸದೆ ಬಿಡಲೂ ಇಲ್ಲ. ಅದರಲ್ಲಿ ಒಂದು ಮದುವೆ ಊಟ. ಬಡಿಸುವವನೊಬ್ಬ ತೋಮಾಸನ ಕೆನ್ನೆಗೆ ಹೊಡೆಯುತ್ತಾನೆ. ಇನ್ನೊಂದು ಕೆನ್ನೆ ತೋರಿಸು ಎಂದು ಗುರು ಹೇಳಿಕೊಟ್ಟದ್ದನ್ನು ಕಿವಿಯಾರೆ ಕೇಳಿದ ಶಿಷ್ಯ ಇವನು. ಏನು ಮಾಡಿದ? ನಿನ್ನನ್ನು ದೇವರು ಪರಲೋಕದಲ್ಲಿ ಕ್ಷಮಿಸುತ್ತಾನೆ, ಆದರೆ ಹೊಡೆದ ಕೈಯನ್ನು ನಾಯಿ ಎಳೆದಾಡುವುದನ್ನು ನಾನು ಈ ಲೋಕದಲ್ಲೇ ನೋಡುತ್ತೇನೆ ಎಂದ. ಬಡಿಸುವವನು ನೀರು ತರಲು ಹೋದ, ಸಿಂಹ ಸೀಳಿಹಾಕಿತು, ಕಪ್ಪು ನಾಯಿಯೊಂದು ಅವನ ಬಲಗೈಯನ್ನು ಕಚ್ಚಿಕೊಂಡು ಊಟದ ಪಂಕ್ತಿಗೇ ಬಂತು. ಕರುಣೆ ಮುಂದಿನ ದಿನಾಂಕದ ಚೆಕ್ಕು, ಶಿಕ್ಷೆ ಮಾತ್ರ ನಗದು. ಅವನು ತೋರಿಸಿಕೊಟ್ಟ ಈ ಪದ್ಧತಿಯನ್ನು ಎಲ್ಲ ಪಂಥಗಳ ಬೋಧಕರೂ ಇವತ್ತಿಗೂ ಚಾಚೂ ತಪ್ಪದೆ ಪಾಲಿಸುತ್ತಿದ್ದಾರೆ.

ಅದೇ ಗ್ರಂಥದಲ್ಲಿ ತೋಮಾಸ ಬಡಗಿ, ಕಟ್ಟಡದ ಮೇಸ್ತ್ರಿ. ಗುಂಡಫೊರಸ್ ರಾಜ ಅರಮನೆ ಕಟ್ಟಲು ಅವನಿಗೆ ಮುಂಗಡ ಕೊಡುತ್ತಾನೆ. ತೋಮಾಸ ಅಷ್ಟೂ ಹಣವನ್ನು ಬಡವರಿಗೆ ಹಂಚಿಬಿಡುತ್ತಾನೆ. ಎಲ್ಲಿ ಅರಮನೆ ಎಂದರೆ, ಸ್ವರ್ಗದಲ್ಲಿ ತಯಾರಾಗಿದೆ, ಸತ್ತ ಮೇಲೆ ಕೀಲಿಕೈ ಎನ್ನುತ್ತಾನೆ. ಇಂಥವನು ಚೆನ್ನೈಯಲ್ಲೇ ನೆಲೆಯಾದದ್ದು ಕಾಕತಾಳೀಯವಲ್ಲ. ಮುಂಗಡ ಇವತ್ತು, ಗೃಹಪ್ರವೇಶ ಪರಲೋಕದಲ್ಲಿ ಎಂಬ ಯೋಜನೆಗಳು ಓಎಂಆರ್ ರಸ್ತೆಯುದ್ದಕ್ಕೂ ಇದ್ದವು, ಇವೆ. ವ್ಯತ್ಯಾಸ ಇಷ್ಟೇ: ತೋಮಾಸ ಹಣವನ್ನು ನಿಜಕ್ಕೂ ಬಡವರಿಗೆ ಕೊಟ್ಟಿದ್ದ.

ಈಗ ನಗು ನಿಲ್ಲಿಸಬೇಕಾದ ಜಾಗ. 2014ರ ಜೂನ್ 28ರ ಸಂಜೆ, ಮಳೆಯಲ್ಲಿ, ಪೋರೂರಿನ ಹತ್ತಿರದ ಮೌಲಿವಾಕ್ಕಮಿನಲ್ಲಿ ಕಟ್ಟುತ್ತಿದ್ದ ಹನ್ನೊಂದು ಅಂತಸ್ತಿನ ಕಟ್ಟಡ ಕುಸಿಯಿತು. 61 ಮಂದಿ ಸತ್ತರು. ಬಹುಪಾಲು ಆಂಧ್ರ, ಒಡಿಶಾ, ತಮಿಳುನಾಡಿನ ಹಳ್ಳಿಗಳಿಂದ ಬಂದ ಕೂಲಿಗಳು. ಬಡಾವಣೆಯ ಹೆಸರು ಟ್ರಸ್ಟ್ ಹೈಟ್ಸ್. ಜೋಡಿ ಕಟ್ಟಡಗಳಲ್ಲಿ ಒಂದರ ಹೆಸರು ‘ಫೇತ್’, ಇನ್ನೊಂದರದು ‘ಬಿಲೀಫ್’. ಬಿದ್ದದ್ದು ‘ಬಿಲೀಫ್’. ಉಳಿದ ‘ಫೇತ್’ ಅನ್ನು 2016ರ ನವೆಂಬರ್‌ನಲ್ಲಿ ಸರ್ಕಾರವೇ ಸ್ಫೋಟಕ ಇಟ್ಟು ಉರುಳಿಸಿತು. ವ್ಯಂಗ್ಯ ಬರೆಯುವವನ ಹೊಟ್ಟೆಯ ಮೇಲೆ ಹೊಡೆಯುವುದೆಂದರೆ ಇದೇ. ಇದಕ್ಕೆ ನಾನು ಏನು ಸೇರಿಸಲಿ? ಸಿಡಿಲು ಬಡಿದಿರಬೇಕು ಎಂಬ ವಿವರಣೆ ಕಟ್ಟಿಸಿದವರ ಕಡೆಯಿಂದ ಬಂತು. ಸಿಡಿಲು ಯಾರ ಖಾತೆಗೆ ಸೇರಿದ್ದೆಂದು ಎಲ್ಲರಿಗೂ ಗೊತ್ತು. ಇಂದ್ರನಾಗಲಿ ಯೆಹೋವನಾಗಲಿ ವಿಚಾರಣೆಗೆ ಹಾಜರಾಗುವುದಿಲ್ಲ.

ಈ ವಿಷಯದಲ್ಲಿ ಯೇಸು ಸ್ವತಃ ಒಂದು ಮಾತು ಆಡಿದ್ದಾನೆ ಎಂಬುದನ್ನು ಬೋಧಕರು ಯಾಕೋ ಹೆಚ್ಚು ಹೇಳುವುದಿಲ್ಲ. ಲೂಕನ ಸುವಾರ್ತೆಯ ಹದಿಮೂರನೆಯ ಅಧ್ಯಾಯ. ಸಿಲೋವದಲ್ಲಿ ಗೋಪುರ ಕುಸಿದು ಹದಿನೆಂಟು ಜನ ಸತ್ತಿದ್ದರು. ಅವರು ಜೆರುಸಲೇಮಿನ ಉಳಿದವರೆಲ್ಲರಿಗಿಂತ ದೊಡ್ಡ ಪಾಪಿಗಳೆಂದು ತಿಳಿದಿರೋ ಎಂದು ಅವನು ಕೇಳಿದ, ಇಲ್ಲ ಎಂದು ಉತ್ತರವನ್ನೂ ತಾನೇ ಕೊಟ್ಟ, ನೀವು ನಿಮ್ಮ ದಾರಿ ನೋಡಿಕೊಳ್ಳಿ ಎಂದು ಕೇಳುಗರ ಕಡೆಗೇ ಬೆರಳು ತಿರುಗಿಸಿದ. ಮೇಲಿನಿಂದ ಬಿದ್ದ ಕಲ್ಲಿನಲ್ಲಿ ತೀರ್ಪು ಓದಬೇಡಿ ಎಂದು ಇಷ್ಟು ಸ್ಪಷ್ಟವಾಗಿ ಹೇಳಿದ ಮೇಲೂ ಓದುವವರ ಸಾಲು ಕರಗಿಲ್ಲ. ಮತ್ತು ಆ ಓದಿನಲ್ಲಿ ಒಂದು ನಿಯಮ ನೂರಕ್ಕೆ ನೂರು ಪಾಲನೆಯಾಗುತ್ತದೆ. ತೀರ್ಪು ಯಾವಾಗಲೂ ಗುಡಿಸಲಿನ ವಿಳಾಸಕ್ಕೆ ಹೋಗುತ್ತದೆ, ಕರುಣೆ ಸ್ಥಿರಾಸ್ತಿ ಇರುವವರ ಹೆಸರಿಗೆ ನೋಂದಣಿಯಾಗುತ್ತದೆ. ದೇವರ ಎರಡು ಗುಣಗಳನ್ನು ತೂಗಿ ನೋಡುತ್ತೇವೆ ಎಂದು ಕೂತವರು ತೂಗುವುದು ದೇವರನ್ನಲ್ಲ, ನೆರೆಹೊರೆಯವರನ್ನು.

2004ರ ಡಿಸೆಂಬರ್ 26ರ ಸುನಾಮಿಯ ನಂತರ ಚೆನ್ನೈಯ ಸ್ಯಾಂಥೋಮ್ ಬಸಿಲಿಕಾದಲ್ಲಿ ಒಂದು ಕಥೆ ಹಬ್ಬಿತು. ಬಸಿಲಿಕಾದ ಹಿಂದೆ ಕಡಲಿನ ಕಡೆಗೆ ಒಂದು ಕಂಬವಿದೆ. ಈ ಕಂಬ ದಾಟಿ ಸಮುದ್ರ ಬಾರದು ಎಂದು ತೋಮಾಸ ಹೇಳಿದ್ದನಂತೆ. ಸುನಾಮಿ ಬಂದಾಗ ನೀರು ಚರ್ಚನ್ನು ಮುಟ್ಟಲಿಲ್ಲ. ಸರಿ, ಸಂತೋಷ. ಮೀನುಗಾರರ ಸಂಸಾರಗಳು ಆ ಚರ್ಚಿನಲ್ಲೇ ಆಶ್ರಯ ಪಡೆದವು, ಅಲ್ಲೇ ಉಂಡವು, ಅದು ಇನ್ನೂ ಸಂತೋಷ. ಆದರೆ ಕಂಬದ ಆಚೆ ಬದಿಯಲ್ಲೂ ಜನ ಇದ್ದರು. ಪಟ್ಟಿನಪಾಕ್ಕಂ, ಶ್ರೀನಿವಾಸಪುರಂ ಕಡೆಯ ಮೀನುಗಾರರ ಕುಪ್ಪಂಗಳವರು, ಅವರಲ್ಲಿ ಅದೇ ತೋಮಾಸನಿಗೆ ಮೇಣದಬತ್ತಿ ಹಚ್ಚುವವರೂ ಇದ್ದರು. ಕಂಬವನ್ನು ಇನ್ನು ಅರ್ಧ ಫರ್ಲಾಂಗು ಮುಂದೆ ನೆಟ್ಟಿದ್ದರೆ ಸಂತನಿಗೇನು ಕಷ್ಟವಾಗುತ್ತಿತ್ತು ಎಂದು ಆ ಕಥೆ ಹೇಳುವವರು ಯೋಚಿಸುವುದಿಲ್ಲ. ತಮಿಳುನಾಡಿನಲ್ಲಿ ಅಂದು ಸುಮಾರು 8,000 ಜನ ಸತ್ತರು, 6,000ಕ್ಕೂ ಹೆಚ್ಚು ಜನ ನಾಗಪಟ್ಟಣ ಜಿಲ್ಲೆಯೊಂದರಲ್ಲೇ. ವೇಳಾಂಗಣ್ಣಿಯಲ್ಲಿ ಬಸಿಲಿಕಾದ ಒಳಗಿದ್ದವರು ಉಳಿದರು, ಕ್ರಿಸ್‌ಮಸ್ ಮುಗಿಸಿ ಕಡಲ ದಂಡೆಗೆ ಹೋದ ಯಾತ್ರಿಗಳು ನೂರಾರು ಸಂಖ್ಯೆಯಲ್ಲಿ ಕೊಚ್ಚಿಹೋದರು. ಉಳಿದವರದು ಪವಾಡ ಎಂದು ಕರೆದ ನಾಲಿಗೆ, ಹೋದವರದು ಏನು ಎಂದು ಕರೆಯಬೇಕಾದಾಗ ಒಣಗುತ್ತದೆ.

ನಮ್ಮವರೇನು ಕಡಿಮೆಯಿಲ್ಲ ಬಿಡಿ. ಆ ವರ್ಷ ನವೆಂಬರಿನಲ್ಲಿ ಕಂಚಿಯ ಸ್ವಾಮಿಗಳ ಬಂಧನವಾಗಿತ್ತು. ಸಮುದ್ರ ಅದಕ್ಕೇ ಮುನಿಯಿತು ಎಂದವರು ಮೈಲಾಪುರದಲ್ಲಿ ಮಾತ್ರವಲ್ಲ, ಮಲ್ಲೇಶ್ವರದಲ್ಲೂ ಸಿಗುತ್ತಿದ್ದರು. ಮುನಿಸು ಅರೆಸ್ಟ್ ವಾರಂಟಿಗೆ, ಸೇಡು ಕಟ್ಟುಮರದವರ ಮೇಲೆ. ನಾವು ಬಸ್ಸು ತಪ್ಪಿಸಿಕೊಂಡು, ಆ ಬಸ್ಸು ಕಂದಕಕ್ಕೆ ಬಿದ್ದರೆ ದೇವರು ದೊಡ್ಡವನು, ಅದರಲ್ಲಿದ್ದವರದು ಅವರವರ ಕರ್ಮ. ಗಾಂಧೀಜಿಯಂಥವರೂ ಇಲ್ಲಿ ಎಡವಿದ್ದಾರೆ. 1934ರ ಜನವರಿಯ ಬಿಹಾರ ಭೂಕಂಪ ಅಸ್ಪೃಶ್ಯತೆಯ ಪಾಪಕ್ಕೆ ದೇವರು ಕೊಟ್ಟ ಶಿಕ್ಷೆ ಎಂದು ಅವರು ಹೇಳಿದ್ದು ಇದೇ ತಮಿಳು ಸೀಮೆಯಲ್ಲಿ, ಹರಿಜನ ಪ್ರವಾಸದಲ್ಲಿದ್ದಾಗ, ತಿರುನೆಲ್ವೇಲಿಯಲ್ಲಿ. ಟಾಗೋರರು ಕೂಡಲೇ ಪ್ರತಿಭಟಿಸಿದರು. ಪಾಪ ಮಾಡಿದ ಮಡಿವಂತರು ತಿರುನೆಲ್ವೇಲಿಯಲ್ಲಿ, ಮನೆ ಬಿದ್ದ ಹರಿಜನರು ಮುಂಗೇರಿನಲ್ಲಿ. ದೇವರಿಗೆ ವಿಳಾಸ ಬರೆದುಕೊಟ್ಟ ಗುಮಾಸ್ತ ಯಾರು?

ಹೆದರಿಸುವ ಕೆಲಸವನ್ನು ದೊಡ್ಡ ಚರ್ಚುಗಳು ಈಚೆಗೆ ಹೊರಗುತ್ತಿಗೆಗೆ ಕೊಟ್ಟಿವೆ. ಎರಡನೆಯ ವ್ಯಾಟಿಕನ್ ಸಭೆಯ ನಂತರ ಕಥೋಲಿಕರು ಅಂತ್ಯಕ್ರಿಯೆಯ ಪೂಜೆಯಿಂದ ‘ಕ್ರೋಧದ ದಿನ’ದ ಹಾಡನ್ನೇ ಸದ್ದಿಲ್ಲದೆ ತೆಗೆದರು. 2015ರ ಡಿಸೆಂಬರ್ 8ರಂದು ಪೋಪ್ ಫ್ರಾನ್ಸಿಸ್ ರೋಮಿನಲ್ಲಿ ‘ಕರುಣೆಯ ವರ್ಷ’ ಉದ್ಘಾಟಿಸಿದರು. ಚೆಂಬರಂಬಾಕ್ಕಂ ಕೆರೆಯ ನೀರು ಬಿಟ್ಟು ಚೆನ್ನೈ ಮುಳುಗಿ ಆಗ ವಾರವಷ್ಟೇ ಕಳೆದಿತ್ತು, ನೆಲಮಹಡಿಗಳಲ್ಲಿ ಕೆಸರು ಬಳಿಯುವುದು ಮುಗಿದಿರಲಿಲ್ಲ. ಆ ಪ್ರಳಯವನ್ನೂ ದೈವಕ್ಕೆ ಜಮಾ ಮಾಡಲು ನೋಡಿದರು. ಮಹಾಲೇಖಪಾಲರ ವರದಿ ಬಂದು ಅದು ಮನುಷ್ಯರು ತಂದುಕೊಂಡದ್ದು ಎಂದಿತು. ಅಪರಾಧಿ ಸ್ಥಾನದಿಂದ ದೇವರು ಖುಲಾಸೆಯಾದ ಕೆಲವೇ ಪ್ರಕರಣಗಳಲ್ಲಿ ಇದೂ ಒಂದು.

ನರಕದ ಹೊರಗುತ್ತಿಗೆ ಹಿಡಿದ ಸಣ್ಣ ಸಭೆಗಳಿಗೆ ಧ್ವನಿವರ್ಧಕವೇ ಬಂಡವಾಳ. ಮಾಧವರಂ ಹೈರೋಡಿನ ಕೆಕೆಆರ್ ನಗರದಲ್ಲಿ ಪೆಂತೆಕೋಸ್ತ ಸಭೆಯೊಂದು ಡ್ರಮ್ಮು, ಗಿಟಾರುಗಳ ಸಮೇತ ಪ್ರಾರ್ಥಿಸುತ್ತಿತ್ತು. ನೆರೆಯ ಮೆಜೆಸ್ಟಿಕ್ ಕಾಲೊನಿಯ ಕ್ಷೇಮಾಭಿವೃದ್ಧಿ ಸಂಘ ಕೋರ್ಟಿಗೆ ಹೋಯಿತು. ಸದ್ದು ನಮ್ಮದಲ್ಲ, ರಸ್ತೆಯ ವಾಹನಗಳದ್ದು ಎಂದು ಸಭೆ ವಾದಿಸಿತು. 2000ದ ಆಗಸ್ಟಿನಲ್ಲಿ ಸುಪ್ರೀಂ ಕೋರ್ಟು, ಪಕ್ಕದವರ ನೆಮ್ಮದಿ ಕೆಡಿಸಿ ಪ್ರಾರ್ಥಿಸಿ ಎಂದು ಯಾವ ಧರ್ಮವೂ ಹೇಳುವುದಿಲ್ಲ ಎಂದು ತೀರ್ಪು ಕೊಟ್ಟಿತು. ಮೈಕಿಲ್ಲದೆ ಹೇಳಿದರೆ ನರಕ ತಣ್ಣಗಾಗುತ್ತದೆ ಎಂಬ ಅನುಮಾನ ಮಾತ್ರ ಇನ್ನೂ ಇತ್ಯರ್ಥವಾಗಿಲ್ಲ. ಆ ತೀರ್ಪನ್ನು ಇಂದು ಮಸೀದಿಯ ವಿರುದ್ಧ ದೇವಸ್ಥಾನದವರು, ಗಣಪತಿ ಪೆಂಡಾಲಿನ ವಿರುದ್ಧ ನಿವಾಸಿಗಳು, ಎಲ್ಲರೂ ಉಲ್ಲೇಖಿಸುತ್ತಾರೆ. ಪಾಲಿಸುವವರ ಹೆಸರು ತಿಳಿದರೆ ಪ್ರಕಟಿಸಲಾಗುವುದು.

ದೊಡ್ಡ ಚರ್ಚುಗಳಿಗೂ ಕೋರ್ಟಿನ ನಂಟು ಕಡಿಮೆಯೇನಲ್ಲ. ಚರ್ಚ್ ಆಫ್ ಸೌತ್ ಇಂಡಿಯಾ ಹುಟ್ಟಿದ್ದು ಮದ್ರಾಸಿನ ಸೇಂಟ್ ಜಾರ್ಜ್ ಕೆಥೀಡ್ರಲಿನಲ್ಲಿ, 1947ರ ಸೆಪ್ಟೆಂಬರ್ 27ರಂದು. ಬೇರೆ ಬೇರೆ ಪಂಥಗಳು ಹಳೆಯ ಜಗಳ ಮರೆತು ಒಂದಾದದ್ದು ಕ್ರೈಸ್ತ ಲೋಕದಲ್ಲೇ ದೊಡ್ಡ ಸುದ್ದಿ. ಬೆಂಗಳೂರು, ಧಾರವಾಡ, ಮಂಗಳೂರಿನ ಸಿಎಸ್‌ಐ ಸಭೆಗಳೂ ಇದರಡಿಗೇ ಬರುತ್ತವೆ. ಕ್ರೈಸ್ತರು ತಮ್ಮೊಳಗಿನ ವ್ಯಾಜ್ಯವನ್ನು ಹೊರಗಿನವರ ನ್ಯಾಯಾಲಯಕ್ಕೆ ಒಯ್ಯಬಾರದು, ಅದಕ್ಕಿಂತ ನಷ್ಟ ಸಹಿಸುವುದೇ ಲೇಸು ಎಂದು ಸಂತ ಪೌಲ ಕೊರಿಂಥದವರಿಗೆ ಕಾಗದ ಬರೆದಿದ್ದ. ಆ ಕಾಗದ ಚೆನ್ನೈಗೆ ಬಂದಂತಿಲ್ಲ. ಸಿಎಸ್‌ಐನ ಆಡಳಿತ ಸಭೆಯಾದ ಸಿನಡ್‌ನ ಚುನಾವಣೆಯ ಜಗಳ ಹೈಕೋರ್ಟು ಹತ್ತಿ, 2024ರ ಏಪ್ರಿಲ್‌ನಲ್ಲಿ ಆಡಳಿತ ನೋಡಿಕೊಳ್ಳಲು ಇಬ್ಬರು ನಿವೃತ್ತ ನ್ಯಾಯಮೂರ್ತಿಗಳನ್ನು ನೇಮಿಸುವವರೆಗೆ ಬಂತು. ಅಲ್ಲಿಗೂ ಮುಗಿಯದೆ ಸುಪ್ರೀಂ ಕೋರ್ಟಿಗೆ ನಡೆಯಿತು. ಜೀವಂತರನ್ನೂ ಸತ್ತವರನ್ನೂ ತೀರ್ಪು ಮಾಡಲು ಅವನು ಬರುವನು ಎಂದು ಪ್ರತಿ ಭಾನುವಾರ ಎದ್ದು ನಿಂತು ಒಪ್ಪಿಕೊಳ್ಳುವವರು, ಅವನು ಬರುವತನಕ ಕಾಯಲಾಗದೆ ತಡೆಯಾಜ್ಞೆ ತಂದರು.

ಈ ಎಲ್ಲರ ಪರವಾಗಿ ಬೈಬಲ್ಲಿನಲ್ಲಿ ಒಬ್ಬ ಪ್ರವಾದಿ ಇದ್ದಾನೆ, ಯೋನ. ನಿನೆವೆ ಪಟ್ಟಣ ನಲವತ್ತು ದಿನದಲ್ಲಿ ಹಾಳಾಗುತ್ತದೆಂದು ಸಾರಲು ಅವನನ್ನು ಕಳಿಸಿದರೆ ಮೊದಲು ಉಲ್ಟಾ ಹಡಗು ಹತ್ತಿ ಓಡಿದ, ಮೀನಿನ ಹೊಟ್ಟೆಯಲ್ಲಿ ಮೂರು ದಿನ ಕಳೆದ ಮೇಲೆ ಹೋಗಿ ಸಾರಿದ. ಊರಿನವರು ರಾಜನಿಂದ ಹಿಡಿದು ದನದವರೆಗೆ ಗೋಣಿತಟ್ಟು ಉಟ್ಟು ಉಪವಾಸ ಕೂತರು, ದೇವರು ಮನಸ್ಸು ಬದಲಿಸಿ ಬಿಟ್ಟುಬಿಟ್ಟ. ಯೋನನಿಗೆ ಎಲ್ಲಿಲ್ಲದ ಸಿಟ್ಟು. ನೀನು ಕೊನೆಗೆ ಕರುಣೆ ತೋರಿಸಿಬಿಡುತ್ತೀ ಎಂದು ನನಗೆ ಮೊದಲೇ ಗೊತ್ತಿತ್ತು, ಅದಕ್ಕೇ ಓಡಿಹೋದದ್ದು ಎಂದು ದೇವರಿಗೇ ದಬಾಯಿಸಿದ. ಈ ಸೌಭಾಗ್ಯ ನೋಡುವುದಕ್ಕಿಂತ ನನ್ನ ಪ್ರಾಣ ತೆಗೆ ಎಂದ. ಊರಾಚೆ ಒಂದು ಚಪ್ಪರ ಹಾಕಿಕೊಂಡು, ಇನ್ನೂ ಏನಾದರೂ ಬೆಂಕಿ ಬಿದ್ದೀತೇ ಎಂದು ಕಾದು ಕೂತ. ನೆರಳಿಗೆ ಬೆಳೆದ ಬಳ್ಳಿಯೊಂದನ್ನು ಹುಳು ಕೊರೆದು ಒಣಗಿಸಿದಾಗ ಅದಕ್ಕಾಗಿ ಮಾತ್ರ ಗೋಳಾಡಿದ. ಆಗ ದೇವರು ಕೇಳುತ್ತಾನೆ: ನೀನು ನೆಡದ, ನೀರೆರೆಯದ ಬಳ್ಳಿಗೆ ಇಷ್ಟು ಮರುಗುತ್ತೀಯಲ್ಲ, ಎಡಗೈ ಬಲಗೈ ತಿಳಿಯದ ಲಕ್ಷದ ಇಪ್ಪತ್ತು ಸಾವಿರಕ್ಕೂ ಹೆಚ್ಚು ಜನ, ಮೇಲೆ ಅಷ್ಟೊಂದು ದನಕರು ಇರುವ ಊರಿಗೆ ನಾನು ಮರುಗಬಾರದೇ?

ಗ್ರಂಥ ಆ ಪ್ರಶ್ನೆಗೇ ನಿಂತುಹೋಗುತ್ತದೆ. ಯೋನ ಏನು ಉತ್ತರ ಕೊಟ್ಟ ಎಂದು ದಾಖಲಾಗಿಲ್ಲ. ಲಾಯರನ್ನು ಕೇಳಿ ಹೇಳುತ್ತೇನೆ ಎಂದಿರಬೇಕು.